ಭಾಮೈದನ ಐದನೆಯ ಫೌಲು

ಮೊನ್ನೆ ಮೈಸೂರಿನಿಂದ ಹುಣಸೂರಿಗೆ ಬರುವಾಗ ಬಿಳಿಕೆರೆಯಲ್ಲಿ ಬಸ್ಸು ನಿಂತಿತು. ಇಳಿದು ಒಂದು ಲೋಟ ಟೀ ಹಿಡಿದುಕೊಂಡೆ. ಬಿಸಿಯಾಗಿ ಕುಡಿದರೆ ನಾಲಿಗೆ ಸುಡುತ್ತದೆಂಬ ಚಿಂತೆ, ಆರಲು ಬಿಟ್ಟರೆ ಬಸ್ಸು ಹೊರಟುಬಿಡುತ್ತದೆಂಬ ಚಿಂತೆ. ಈ ಎರಡರ ನಡುವೆ ಬಿಳಿಕೆರೆಯ ಟೀಯ ರುಚಿ ಹೇಗಿರುತ್ತದೆಂದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ತಿಳಿದಿಲ್ಲ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆಯೇ ಕಂಡಕ್ಟರ್ ಸೀಟಿ ಊದಿದ. ನೋಡಿ, ನನ್ನ ಬಲಗೈ ನನ್ನ ಅಪ್ಪಣೆಯನ್ನೂ ಕೇಳದೆ ಮುಷ್ಟಿ ಕಟ್ಟಿಕೊಂಡು ನೆಟ್ಟಗೆ ಆಕಾಶಕ್ಕೆ ಎದ್ದಿತು. ಎಡಗೈಯಲ್ಲಿದ್ದ ಟೀ ಅರ್ಧ ಅಂಗಿಯ ಮೇಲೆ, ಅರ್ಧ ನೆಲದ ಮೇಲೆ.

"ಯಾಕ್ ಸಾ, ಘೋಷಣೆ ಕೂಗ್ತೀರಾ? ಏನಾರಾ ಮುಷ್ಕರನಾ?" ಎಂದ ಕಂಡಕ್ಟರ್.

"ಬುಡಪ್ಪ, ಮೇಷ್ಟ್ರಿಗೆ ಕೈ ಉಳುಕೈತೆ, ಎಳ್ದು ಬುಡ್ತಾವ್ರೆ" ಎಂದರು ಪಕ್ಕದಲ್ಲಿದ್ದ ಯಜಮಾನರೊಬ್ಬರು, ನನ್ನ ಮಾನ ಉಳಿಸುವವರಂತೆ.

ಮುಷ್ಕರವೂ ಅಲ್ಲ, ಉಳುಕೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಫೌಲಾದಾಗ ರೆಫರಿ ಸೀಟಿ ಊದಿ ಮುಷ್ಟಿ ಎತ್ತಬೇಕು. ಅದನ್ನು ನೋಡಿ ಗಡಿಯಾರದವನು ಗಡಿಯಾರ ನಿಲ್ಲಿಸಬೇಕು. ನನ್ನನ್ನು ಯಾರೂ ರೆಫರಿ ಎಂದು ಕರೆಯದೆ ಇಪ್ಪತ್ತು ವರ್ಷದ ಮೇಲಾಯಿತು. ನಾನು ನಿವೃತ್ತನಾದರೂ ಕೈ ಇನ್ನೂ ಸರ್ವೀಸಿನಲ್ಲಿದೆ. ಒದ್ದೆ ಅಂಗಿಯಲ್ಲಿ ಹೋಗಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹುಣಸೂರಿನ ಕಡೆಗೆ ಹೊರಟಿತು, ನಾನು ಮರಿಬಸಪ್ಪ ಮೇಷ್ಟ್ರ ಕಡೆಗೆ.

ಮರಿಬಸಪ್ಪನವರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ನಾನು ಹುಣಸೂರಿಗೆ ಹೊಸದಾಗಿ ಮೇಷ್ಟ್ರಾಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮೈಸೂರು ರಾಜ್ಯ ದೊಡ್ಡದಾಗುತ್ತದಂತೆ, ಅತ್ತಲಿನ ಜಿಲ್ಲೆಗಳೆಲ್ಲ ಸೇರುತ್ತವಂತೆ ಎಂದು ಹೋಟೆಲುಗಳಲ್ಲಿ ಮಾತು ಹಬ್ಬಿದ್ದ ಕಾಲ. ರಾಜ್ಯ ದೊಡ್ಡದಾದರೆ ನನ್ನನ್ನು ಬೀದರಿಗೆ ವರ್ಗ ಮಾಡಿಬಿಟ್ಟರೆ ಏನು ಗತಿ ಎಂದು ನಾನಾಗಲೇ ಚಿಂತೆ ಹಚ್ಚಿಕೊಂಡಿದ್ದೆ. ಮರಿಬಸಪ್ಪನವರು ನನ್ನನ್ನು ನೋಡಿದರು, ನನ್ನ ಕ್ಯಾನ್ವಾಸ್ ಶೂಗಳನ್ನು ನೋಡಿದರು. "ಏನಯ್ಯ, ಇಂಗ್ಲಿಷ್ ಓದಕ್ಕೆ ಬರುತ್ತಲ್ಲ?" ಎಂದರು. ಬರುತ್ತದೆ ಎಂದೆ. ಆಟದ ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಶೂ ಮತ್ತು ಇಂಗ್ಲಿಷು, ಈ ಎರಡು ಅರ್ಹತೆಗಳ ಮೇಲೆ ನಾನು ಆ ಊರಿನ ಎರಡನೆಯ ರೆಫರಿಯಾದೆ. ಮೊದಲನೆಯವರು ಅವರೇ. ಆಟಕ್ಕೆ ಇಬ್ಬರು ರೆಫರಿಗಳು ಬೇಕು: ಒಬ್ಬ ಬುಟ್ಟಿಯ ಹತ್ತಿರ, ಒಬ್ಬ ಅಂಗಳದ ನಡುವೆ. ನಡುವಿನವನಿಗೆ ಕಡಿಮೆ ಬೈಗುಳ ಎಂದು ಮೇಷ್ಟ್ರು ನನಗೆ ಅದನ್ನು ಕೊಟ್ಟಿದ್ದರು.

ಹುಣಸೂರಿನಂಥ ಊರಿನಲ್ಲಿ ಬ್ಯಾಸ್ಕೆಟ್‌ಬಾಲೇ ಎಂದು ನೀವು ಹುಬ್ಬೇರಿಸಬಹುದು. ಮೈಸೂರಿನಲ್ಲಿ ಓದಿ ಬಂದ ಯಾರೋ ಹುಡುಗರು ಅಂಟಿಸಿದ ರೋಗ ಅದು. ಶಾಲೆಯ ಹಿಂದೆ ಮಣ್ಣಿನ ಅಂಗಳ. ನಮ್ಮದು ಮರದ ವ್ಯಾಪಾರದ ಊರಾದ್ದರಿಂದ ಕಂಬ, ಹಲಗೆಗೆ ಕೊರತೆಯಿರಲಿಲ್ಲ. ಮೈಸೂರಿನ ಅಂಗಳಗಳಲ್ಲೂ ಅಂಥ ತೇಗದ ಕಂಬ ಇರಲಾರದು. ಬುಟ್ಟಿಯ ಬಳೆಗಳನ್ನು ಮಾತ್ರ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ಕಮ್ಮಾರನ ಕೈಲಿ ಮಾಡಿಸಿದ್ದರು. ಅವನು ಒಂದನ್ನು ಬೆಳಗ್ಗೆ ಮಾಡಿದನಂತೆ, ಒಂದನ್ನು ಊಟವಾದ ಮೇಲೆ. ಊಟವಾದ ಮೇಲಿನದು ಒಂದು ಬೆರಳು ದೊಡ್ಡದಾಗಿತ್ತು. ಬೇರೆ ಊರಿನವರು ಬಂದು ತಕರಾರು ತೆಗೆದರೆ ಮರಿಬಸಪ್ಪನವರು ಶಾಂತವಾಗಿ ಹೇಳುತ್ತಿದ್ದರು: "ಅರ್ಧ ಆಟ ನೀವು ದೊಡ್ಡದಕ್ಕೆ ಹಾಕ್ತೀರಿ, ಅರ್ಧ ಆಟ ಅವರು ಹಾಕ್ತಾರೆ. ಇಬ್ಬರಿಗೂ ಒಂದೇ ಸಮ ಸಿಕ್ಕೋ ತಪ್ಪಿಗೆ ತಪ್ಪು ಅನ್ನಲ್ಲ ಕಣ್ರಯ್ಯ."

ಆಗ ಇದು ಬರೀ ಜಾಣ ಉತ್ತರ ಎಂದುಕೊಂಡಿದ್ದೆ. ಅವರು ಅದನ್ನು ಮನಸಾರೆ ನಂಬಿದ್ದರೆಂಬುದು ತಿಳಿಯಲು ನನಗೆ ಒಂದು ಗೌರಿ ಹಬ್ಬ ಬರಬೇಕಾಯಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಊರಿನ ತಂಡಗಳು ವರ್ಷಕ್ಕೊಮ್ಮೆ ಒಬ್ಬರ ಊರಿಗೆ ಒಬ್ಬರು ಹೋಗಿ ಆಡಿ, ಕೊನೆಯ ಪಂದ್ಯ ಹುಣಸೂರಿನಲ್ಲಿ ಮುಗಿಸುತ್ತಿದ್ದವು. ಕೋಟೆಯವರು ಕಾಡಿನ ಇಲಾಖೆಯ ಗಾರ್ಡುಗಳು. ಸದ್ದಿಲ್ಲದೆ ಓಡುತ್ತಿದ್ದರು, ಚೆಂಡು ಹೋದದ್ದು ಎದುರಿನವರಿಗೆ ತಡವಾಗಿ ತಿಳಿಯುತ್ತಿತ್ತು. ಕೆ.ಆರ್. ನಗರದವರು ನಾಲೆಯ ನೀರು ಕುಡಿದ ಗಟ್ಟಿಗರು. ಗೆದ್ದರೂ ಜಗಳ, ಸೋತರೂ ಜಗಳ, ಆಮೇಲೆ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದರು. ನಮ್ಮವರು ಮರದ ಡಿಪೋದ ಆಳುಗಳು, ಇಬ್ಬರು ಗುಮಾಸ್ತರು. ಪಿರಿಯಾಪಟ್ಟಣದ ತಂಡದಲ್ಲಿದ್ದವನು ನಂಜುಂಡ. ಕಂಪಲಾಪುರದವನು, ರಾಗಿ ಅವರೆ ವ್ಯಾಪಾರದ ಮನೆಯ ಹುಡುಗ, ಆಳೆತ್ತರದ ಮೇಲೊಂದು ಮೊಳ ಎತ್ತರ. ನಮ್ಮ ಮರಿಬಸಪ್ಪನವರ ಹೆಂಡತಿ ಮಾದೇವಮ್ಮನವರ ಒಬ್ಬನೇ ತಮ್ಮ.

ಇಲ್ಲಿ ಮರಿಬಸಪ್ಪನವರ ಒಂದು ವ್ರತದ ವಿಷಯ ಹೇಳಬೇಕು. ಪಂದ್ಯದ ದಿನ ಅವರು ಯಾರ ಮನೆಯಲ್ಲೂ ಏನನ್ನೂ ಮುಟ್ಟುತ್ತಿರಲಿಲ್ಲ. ಊರಿನವರು ಕಾಫಿಗೆ ಕರೆದರೆ "ಆಗಿದೆ", ಮಜ್ಜಿಗೆ ಕೊಟ್ಟರೆ "ಶೀತ". ಚೀಲದಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಇರುತ್ತಿತ್ತು. ಯಾವುದಾದರೂ ಹೊಂಗೆಯ ಮರದ ಕೆಳಗೆ ಕೂತು ಬಿಚ್ಚುವರು. ಅವರ ಜೊತೆ ಹೋದ ತಪ್ಪಿಗೆ ನನಗೂ ಅದೇ. ಕೆ.ಆರ್. ನಗರದಲ್ಲಿ ಒಮ್ಮೆ ಹೋಳಿಗೆಯ ವಾಸನೆ ಬೀದಿಯುದ್ದಕ್ಕೂ ಹಿಂಬಾಲಿಸಿಕೊಂಡು ಬಂದರೂ ನಾವಿಬ್ಬರು ಮರದ ಕೆಳಗೆ ಒಣರೊಟ್ಟಿ ಕಡಿದೆವು. "ಒಂದು ಲೋಟ ಮಜ್ಜಿಗೆ ಕುಡಿದರೆ ಏನಾಗುತ್ತೆ ಮೇಷ್ಟ್ರೇ?" ಎಂದೆ. "ಏನೂ ಆಗಲ್ಲ. ಆದರೆ ಊದೋವಾಗ ಆ ಮಜ್ಜಿಗೆ ನೆನಪಿಗೆ ಬರುತ್ತೆ" ಎಂದರು.

ಈ ವ್ರತ ಮಜ್ಜಿಗೆಯಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ಆ ವರ್ಷ ನಾವು ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದ ಪಂದ್ಯಕ್ಕೆಂದು ಪಿರಿಯಾಪಟ್ಟಣಕ್ಕೆ ಹೊರಟಿದ್ದೆವು. ಮಾದೇವಮ್ಮನವರು ಹಿಂದಿನ ದಿನವೇ ಕಂಪಲಾಪುರದ ತವರಿಗೆ ಹೋಗಿದ್ದರು. ಬಸ್ಸು ಕಂಪಲಾಪುರದಲ್ಲಿ ನಿಲ್ಲುವುದು ಅವರ ಮನೆಯ ಎದುರಿಗೇ. ಅತ್ತೆಯವರು ಕಾಲಿಗೆ ನೀರಿನ ಚೊಂಬು, ತಟ್ಟೆಯಲ್ಲಿ ಕಜ್ಜಾಯ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬನ್ನಿ ಅಳಿಯಂದ್ರೇ, ಡ್ರೈವರಪ್ಪಂಗೆ ಯೋಳಿವ್ನಿ, ಒಂದ್ಗಳ್ಗೆ ನಿಲ್ಲುಸ್ತಾನೆ."

ಡ್ರೈವರು ಆಗಲೇ ಒಂದು ಕಜ್ಜಾಯ ಬಾಯಿಗೆ ಹಾಕಿಕೊಂಡಿದ್ದ. ಬಸ್ಸಿನಲ್ಲಿದ್ದವರೆಲ್ಲ ಅಳಿಯನನ್ನು ನೋಡಿದರು. ಅಳಿಯ ಕಿಟಕಿಯಿಂದ ಕೈಮುಗಿದು, "ಇವತ್ತು ಬ್ಯಾಡಿ ಅತ್ತೆ. ಪಂದ್ಯ ಐತೆ. ನಂಜುಂಡ ಆಡ್ತಾವ್ನೆ" ಎಂದರು.

"ಅವನು ಆಡುದ್ರೆ ನೀವು ಉಣ್ಣಬಾರ್ದಾ?"

ಆ ಮುದುಕಿಯ ಪ್ರಶ್ನೆಗೆ ನಿಯಮದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಾನು ಇಂಗ್ಲಿಷಿನಲ್ಲೇ ಓದಿದ್ದೆ. ಬಸ್ಸು ಹೊರಟಿತು. ಅಳಿಯ ಬಾಗಿಲ ತನಕ ಬಂದು ನೀರೂ ಮುಟ್ಟದೆ ಹೋದ ಎಂಬುದು ನಮ್ಮ ಕಡೆ ಎಂಥ ಮಾತೆಂದು ನಿಮಗೆ ಗೊತ್ತು. ಜಮೀನು ಕಿತ್ತುಕೊಂಡರೂ ಅತ್ತೆ ಮನೆಯವರು ಮರೆತಾರು.

ಮೇಲಿಂದ ಪಂದ್ಯದಲ್ಲಿ ಆದದ್ದು ಇನ್ನೊಂದು. ಮರಿಬಸಪ್ಪನವರು ನಂಜುಂಡನಿಗೆ ಒಂದರ ಮೇಲೊಂದು ಫೌಲು ಊದಿದರು. ಒಬ್ಬನಿಗೆ ಐದಾದರೆ ಅವನು ಹೊರಗೆ. ದ್ವಿತೀಯಾರ್ಧ ಶುರುವಾಗಿ ಜನ ಇನ್ನೂ ಕೂತುಕೊಳ್ಳುತ್ತಿರುವಾಗಲೇ ನಂಜುಂಡ ಹೊರಬಿದ್ದ. ಚೆಂಡನ್ನು ನೆಲಕ್ಕೆ ಕುಕ್ಕಿ, ಭಾವನ ಮುಖವನ್ನೂ ನೋಡದೆ, ಅಂಗಿ ಹೆಗಲಿಗೆ ಹಾಕಿಕೊಂಡು ಹೋದ. ಪಿರಿಯಾಪಟ್ಟಣದವರು ಹೇಗೋ ಒಂದು ಬುಟ್ಟಿಯಲ್ಲಿ ಗೆದ್ದರು. ಕೆ.ಆರ್. ನಗರದವರು ಸೋತರೂ ಬಂದು ಮೇಷ್ಟ್ರ ಕೈ ಕುಲುಕಿ, "ಭಾಮೈದ ಅಂತ್ಲೂ ನೋಡ್ಲಿಲ್ವಲ್ಲ ಸಾ, ಧರ್ಮರಾಯ ಕಣ್ರೀ ನೀವು" ಎಂದರು. ಮೇಷ್ಟ್ರ ಎದೆ ಒಂದಂಗುಲ ಉಬ್ಬಿತು. ಅವರ ಪಕ್ಕ ನಿಂತಿದ್ದಕ್ಕೆ ನನ್ನದೂ ಅರ್ಧ ಅಂಗುಲ.

ಈ ಉಬ್ಬು ಇಳಿದದ್ದು ನಾಲ್ಕು ದಿನದ ಮೇಲೆ. ನಾನು ಒಂಟಿಯವನು, ಸಂಜೆ ಹೊತ್ತು ಮೇಷ್ಟ್ರ ಮನೆಗೆ ಹೋದರೆ ಮಾದೇವಮ್ಮನವರು ಏನಾದರೂ ಕೊಡುತ್ತಿದ್ದರು. ಅವತ್ತು ತವರಿನಿಂದ ಆಗಷ್ಟೇ ಬಂದಿದ್ದರು. ಉಪ್ಪಿಟ್ಟಿನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

"ನಂಜುಂಡ ಗೌರಿ ಹಬ್ಬಕ್ಕೆ ಬರಲ್ವಂತೆ" ಎಂದರು ಗೋಡೆಯನ್ನು ನೋಡುತ್ತ.

ಅದು ಸಣ್ಣ ಮಾತಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಅಣ್ಣನೋ ತಮ್ಮನೋ ಮೊರದ ಬಾಗಿನ ತಂದರೇ ಹೆಣ್ಣುಮಗಳಿಗೆ ಹಬ್ಬ. ಮಾದೇವಮ್ಮನವರ ತಂದೆ ಆ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ತವರಿನಿಂದ ಬರುವುದಾದರೆ ಇನ್ನು ನಂಜುಂಡನೇ ಬರಬೇಕು. ಅವನು ಬಾರದಿದ್ದರೆ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿನದ ಸೀರೆ ಉಟ್ಟು ಓಡಾಡುವಾಗ ಈಕೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರಬೇಕು.

"ಆಟದಲ್ಲಿ ಆದದ್ದನ್ನ ಮನೇಗೆ ತರಬಾರದು" ಎಂದರು ಮೇಷ್ಟ್ರು ಕೊನೆಗೆ.

"ತಂದೋರು ಯಾರು? ನೀವೇ ಅಲ್ವಾ ಮನೇನ ಆಟಕ್ಕೆ ತಗೊಂಡ್ಹೋಗಿದ್ದು? ನಾನೂ ಅವತ್ತು ತವರಿನ ಗಾಡೀಲಿ ಬಂದು, ಅದ್ರ ಮೇಲೇ ಕೂತು ನೋಡ್ದೆ. ಫೌಲು ಗೀಲು ನನಗೆ ತಿಳಿಯಾಕಿಲ್ಲ. ಆದ್ರೆ ನನ್ನ ತಮ್ಮ ಮೈ ತಗುಲಿಸಿದ್ರೆ ನೀವು ಊದ್ತೀರಿ, ಕೆ.ಆರ್. ನಗರದ ಆ ಮೀಸೆಯೋನು ತಗುಲಿಸಿದ್ರೆ ಮೋಡ ನೋಡ್ತೀರಿ. ತಮ್ಮೋನು ಅಂತ ಬಿಟ್ರು ಅನ್ನುಸ್ಕೋಬಾರ್ದು ಅಂತ ನನ್ನ ತಮ್ಮನ್ನ ಹಿಡ್ಕೊಂಡ್ರಿ. ಒಂದೇ ಸಮ ಅಂದ್ರೆ ಇದಾ?" ನನ್ನ ಕಡೆ ತಿರುಗಿದರು. "ನೀವೂ ಅಲ್ಲೇ ಇದ್ರಲ್ಲ ಮೇಷ್ಟ್ರೇ, ನೀವೇ ಹೇಳಿ."

ಗಂಡಹೆಂಡಿರ ನಡುವೆ ಉಪ್ಪಿಟ್ಟು ತಿನ್ನುವವನ ಸ್ಥಿತಿಗಿಂತ ಕಷ್ಟದ್ದು ಇನ್ನೊಂದಿಲ್ಲ. ಹೌದೆಂದರೆ ಗುರುಗಳು ಹೋದರು, ಇಲ್ಲವೆಂದರೆ ಉಪ್ಪಿಟ್ಟು ಹೋಯಿತು. ನಾನು ಕೆಮ್ಮಿದೆ. ಮಾದೇವಮ್ಮನವರು ನೀರು ಕೊಟ್ಟರು. ಆ ನೀರು ಕುಡಿಯುವುದನ್ನು ಎಷ್ಟು ಹೊತ್ತು ಎಳೆಯಬಹುದೋ ಅಷ್ಟು ಎಳೆದೆ. ಮರಿಬಸಪ್ಪನವರು ನನ್ನನ್ನೇ ನೋಡುತ್ತಿದ್ದರು. ನನ್ನ ಕೆಮ್ಮೇ ಅವರಿಗೆ ಉತ್ತರವಾಯಿತೆಂದು ಕಾಣುತ್ತದೆ. ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ನಾನೂ ಹೋಗಿ ಪಕ್ಕದಲ್ಲಿ ಕೂತೆ. "ಹೌದಾ?" ಎಂದರು.

"ಸ್ವಲ್ಪ" ಎಂದೆ.

"ಸ್ವಲ್ಪ ಅಂದ್ರೆ?"

"ಮೀಸೆಯವನಿಗೆ ಎರಡಾದರೂ ಊದಬಹುದಿತ್ತು. ನಂಜುಂಡನಿಗೆ ಎರಡು ಬಿಡಬಹುದಿತ್ತು."

ಅವರಿಗೆ ಆದ ಸಂಕಟ ನೋಡಿ ನನಗೆ ಹೇಳಿದ್ದು ಬೇಡವಾಗಿತ್ತೆನಿಸಿತು. ಲಂಚ ತಿಂದ ಎಂದಿದ್ದರೆ ಅವರು ನಕ್ಕುಬಿಡುತ್ತಿದ್ದರು. ಮಜ್ಜಿಗೆ ಕೂಡ ಕುಡಿಯದವರು. ವಾಲಬಾರದೆಂಬ ಹೆದರಿಕೆಯಿಂದ ಇನ್ನೊಂದು ಕಡೆಗೆ ವಾಲಿದ್ದರು, ಅದೂ ಚಪ್ಪಾಳೆಗೆ ಉಬ್ಬಿ. ಈಚೆಗೆ ಪತ್ರಿಕೆಯಲ್ಲಿ ಓದಿದೆ, ಅಮೆರಿಕದಲ್ಲಿ ಸಂಬಳ ತೆಗೆದುಕೊಂಡು ಈ ಆಟ ಆಡುವವರಿದ್ದಾರಂತೆ, ಸಂಬಳ ತೆಗೆದುಕೊಂಡೇ ಊದುವ ರೆಫರಿಗಳೂ ಇದ್ದಾರಂತೆ, ಅವರನ್ನೂ ಜನ ಒಂದೇ ಸಮ ಬೈಯುತ್ತಾರಂತೆ: ಅಲ್ಲಿ ಊದಿದ್ದು ಇಲ್ಲಿ ಯಾಕೆ ಊದಲಿಲ್ಲ ಎಂದು. ಓದಿ ನನಗೆ ಸಮಾಧಾನವಾಯಿತು. ಆದರೆ ಪಾಪ, ಅವರಿಗೆ ಕಂಪಲಾಪುರದಲ್ಲಿ ಅತ್ತೆಯ ಮನೆ ಇರಲಾರದು.

"ಕೊನೇ ಪಂದ್ಯಕ್ಕೆ ಬೇರೆ ಯಾರನ್ನಾದರೂ ಕರೆಸೋಣ ಮೇಷ್ಟ್ರೇ" ಎಂದೆ. ಆಡುವವರು ಹುಣಸೂರು ಮತ್ತು ಪಿರಿಯಾಪಟ್ಟಣ ಎಂದು ಆಗಲೇ ತೀರ್ಮಾನವಾಗಿತ್ತು. ಗೌರಿ ಹಬ್ಬಕ್ಕೆ ವಾರ ಮೊದಲು.

"ಯಾರನ್ನ ಕರೆಸ್ತೀಯ? ಈಗ ಬರೆದ್ರೆ ಮೈಸೂರಿನೋರು ಮುಂದಿನ ವರ್ಷಕ್ಕೆ ಬರ್ತಾರೆ" ಎಂದರು. "ನಾನು ಇವತ್ತಿಂದ ಮುಖ ನೋಡಲ್ಲ ಕಣಯ್ಯ. ಕಾಲು ನೋಡ್ತೀನಿ. ಕಾಲಿಗೆ ನೆಂಟಸ್ತಿಕೆ ಇಲ್ಲ."

ಪಂದ್ಯದ ದಿನ ಬೆಳಗ್ಗೆ ಒಂದು ಅಡ್ಡಮಳೆ ಬಂದು ಹೋಯಿತು. ಅಂಗಳಕ್ಕೆ ಡಿಪೋದಿಂದ ಮರದ ಹೊಟ್ಟು ತಂದು ಸುರಿದರು. ತೇಗದ ವಾಸನೆಯ ಮೇಲೆ ಆಟ. ಪಿರಿಯಾಪಟ್ಟಣದವರು ಒಂದು ಲಾರಿ ಮಾಡಿಕೊಂಡು ಬಂದಿದ್ದರು. ನಂಜುಂಡ ಭಾವನಿಗೆ ನಮಸ್ಕಾರ ಹೇಳಲಿಲ್ಲ. ಅಕ್ಕನ ಮನೆಯ ಕಡೆ ತಲೆಯೂ ಹಾಕಿರಲಿಲ್ಲ. ಮಾದೇವಮ್ಮನವರು ಶಾಲೆಯ ಜಗಲಿಯಲ್ಲಿ ಹೆಂಗಸರ ನಡುವೆ ಬಂದು ಕೂತಿದ್ದರು. ಮೇಷ್ಟ್ರು ಆ ಕಡೆ ನೋಡಲಿಲ್ಲ. ಹೇಳಿದಂತೆ ನೆಲವನ್ನೇ ನೋಡುತ್ತಿದ್ದರು. ಕಳೆದುಹೋದ ಉಂಗುರ ಹುಡುಕುವವರ ಹಾಗೆ ಕಾಣುತ್ತಿದ್ದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಕಾಲೂ ಗುರುತು ಸಿಗುತ್ತಲ್ಲಯ್ಯ. ಎಡಗಾಲ ಮೇಲೆ ಕುಡುಗೋಲಿನ ಗಾಯ. ಮನೇಗೆ ಹೋದಾಗೆಲ್ಲ ನೀರು ತಂದು ಮುಂದೆ ನಿಂತ್ಕೊಳ್ಳೋ ಕಾಲು ಅದು."

"ಮೇಷ್ಟ್ರೇ, ಚೆಂಡು ಆ ಕಡೆ ಹೋಯ್ತು" ಎಂದೆ.

ಮೊದಲರ್ಧದಲ್ಲಿ ಒಂದು ಘಟನೆ ನಡೆಯಿತು. ನಮ್ಮ ಡಿಪೋದ ಸಿದ್ದೇಗೌಡ ಚೆಂಡು ತಟ್ಟಿಕೊಂಡು ನುಗ್ಗಿದವನು ಎದುರು ನಿಂತಿದ್ದ ಪಿರಿಯಾಪಟ್ಟಣದವನ ಎದೆಗೆ ಡಿಕ್ಕಿ ಹೊಡೆದು, ಅವನನ್ನು ಹೊಟ್ಟಿನಲ್ಲಿ ಕೂರಿಸಿ, ಬುಟ್ಟಿಗೆ ಹಾಕಿದ. ಸಿದ್ದೇಗೌಡ ದಿಮ್ಮಿ ಹೊರುವವನು. ಅವನು ಡಿಕ್ಕಿ ಹೊಡೆದರೆ ಹೊಡೆದ ಹಾಗೇ. ಆದರೆ ಬಿದ್ದವನು ಆ ಗಳಿಗೆಯಲ್ಲಿ ಪೂರ್ತಿ ನಿಂತಿದ್ದನೋ ಇನ್ನೂ ಸರಿಯುತ್ತಿದ್ದನೋ ಎಂಬುದರ ಮೇಲೆ ಎಲ್ಲ ನಿಂತಿದೆ. ನಿಂತವನಿಗೆ ಗುದ್ದಿದರೆ ಗುದ್ದಿದವನದು ಫೌಲು, ಸರಿಯುವವನಿಗೆ ತಗುಲಿದರೆ ಅವನದಲ್ಲ. ಇದನ್ನು ತೀರ್ಮಾನಿಸಲು ರೆಫರಿಗೆ ಸಿಗುವುದು ಒಂದು ರೆಪ್ಪೆಯ ಹೊತ್ತು. ಮೇಷ್ಟ್ರು ಊದಲಿಲ್ಲ. ಪಿರಿಯಾಪಟ್ಟಣದವರು ಕೂಗಿಕೊಂಡರು. ಹುಣಸೂರಿನವರಿಗೆ ಬಹಳ ನ್ಯಾಯವಾಗಿ ಕಂಡಿತು.

ವಿರಾಮದಲ್ಲಿ ಮೇಷ್ಟ್ರು ಮುಖ ಒರೆಸಿಕೊಳ್ಳುತ್ತ, "ಅದು ಫೌಲೇನೋ ಅಂತ ಈಗ ಅನ್ನಿಸ್ತಾ ಐತೆ" ಎಂದರು. "ಆದರೆ ಬಿಟ್ಟಾಯ್ತು. ಇನ್ನು ಇವತ್ತು ಪೂರ್ತಿ ಅಂಥದ್ದನ್ನ ಬಿಡಬೇಕು."

"ತಪ್ಪಾಗಿದ್ರೂ?"

"ದೊಡ್ಡ ಬಳೆ ಥರ ಅಂದ್ಕೋ."

ಆಟ ಮುಗಿಯಲು ಬಂದಾಗ ಹುಣಸೂರು ಒಂದು ಅಂಕ ಮುಂದಿತ್ತು. ಇದ್ದಬದ್ದವರೆಲ್ಲ ಗೆರೆಯ ಒಳಗೇ ಬಂದು ನಿಂತಿದ್ದರು. ನಂಜುಂಡನ ಲೆಕ್ಕದಲ್ಲಿ ಆಗಲೇ ನಾಲ್ಕು ಫೌಲು. ಇನ್ನೊಂದಾದರೆ ಅವನೂ ಹೊರಗೆ, ಬಾಗಿನವೂ ಹೊರಗೆ. ಎರಡು ಸಲ ಭಾವನ ಕೈಲಿ ಹೊರಬಿದ್ದವನು ಯಾವ ಮುಖ ಹೊತ್ತು ಅಕ್ಕನ ಬಾಗಿಲಿಗೆ ಬಂದಾನು? ಚೆಂಡು ಅವನ ಕೈಗೇ ಸಿಕ್ಕಿತು. ನುಗ್ಗಿದ. ಎದುರಿಗೆ ಸಿದ್ದೇಗೌಡ. ಸಿದ್ದೇಗೌಡ ನಿಂತನೋ, ನಿಲ್ಲುತ್ತಿದ್ದನೋ, ಇಬ್ಬರೂ ಸೇರಿ ಒಂದು ಸದ್ದಾಯಿತು. ಸಿದ್ದೇಗೌಡ ಹೊಟ್ಟಿನಲ್ಲಿ ಕೂತಿದ್ದ. ಚೆಂಡು ಬಳೆಯ ಸುತ್ತ ತಿರುಗಿ ಒಳಗೆ ಬಿತ್ತು.

"ಫೌಲು! ಊದ್ರೀ! ಊದ್ರೀ!" ಎಂದು ಇಡೀ ಊರು ಕೂಗಿತು.

ಸೀಟಿ ನನ್ನ ಬಾಯಲ್ಲೂ ಇತ್ತು. ನಾನೇಕೆ ಊದಲಿಲ್ಲ ಎಂದರೆ, ಊದಬಾರದೆಂದು ಆಲೋಚಿಸಿದ್ದಲ್ಲ. ಒಳಗೆ ಉಸಿರೇ ಇರಲಿಲ್ಲ. ಮರಿಬಸಪ್ಪನವರ ಕಡೆ ನೋಡಿದೆ. ಅವರ ಸೀಟಿ ಎರಡು ಹಲ್ಲಿನ ನಡುವೆ ನೆಟ್ಟಗಿತ್ತು. ಆ ದಿನ ಮೊದಲ ಬಾರಿಗೆ ಅವರು ನೆಲ ಬಿಟ್ಟು ತಲೆಯೆತ್ತಿ, ಊರಿನ ಮುಖವನ್ನೇ ನೋಡಿದರು. ಕೆನ್ನೆ ಅಲ್ಲಾಡಲಿಲ್ಲ. ಎರಡು ಬೆರಳು ತೋರಿಸಿದರು: ಬುಟ್ಟಿ ಸರಿ, ಎರಡು ಅಂಕ. ಹಿಂದೆಯೇ ಗಡಿಯಾರದವನು ಗಂಟೆ ಬಾರಿಸಿದ. ಪಿರಿಯಾಪಟ್ಟಣ ಗೆದ್ದಿತ್ತು.

"ಭಾಮೈದಂಗೆ ಗೆಲ್ಲುಸ್ಬುಟ್ಟ ಕಣ್ರಲಾ!"

"ಅತ್ತೆ ಮನೆ ಕಜ್ಜಾಯ ಕಣ್ಲಾ, ಬುಟ್ರೆ ಆಯ್ತದಾ?"

"ನಾಳಿಕ್ಕೆ ಕಂಪಲಾಪುರಕ್ಕೇ ವರ್ಗ ಮಾಡುಸ್ಕಳಿ ಮೇಷ್ಟ್ರೇ!"

ಯಾವ ಮಾತು ಕೇಳಬಾರದೆಂದು ಅವರು ಬಿಸಿಲಲ್ಲಿ ಒಣರೊಟ್ಟಿ ಕಡಿದಿದ್ದರೋ ಆ ಮಾತು ಒಂದಲ್ಲ ಹತ್ತು ಬಾಯಿಂದ ಬಂತು. ಅವರು ಕೇಳಿಸಿಕೊಂಡರು, ತಡೆಯಲಿಲ್ಲ. ಸೀಟಿಯನ್ನು ಪಂಚೆಯ ಅಂಚಿನಿಂದ ಒರೆಸಿ ಜೇಬಿಗೆ ಹಾಕಿಕೊಂಡು ಜನರ ನಡುವೆಯೇ ನಡೆದರು. ನಾನು ಹಿಂದೆ. ನನ್ನ ಬೆನ್ನಿಗೆ ಒಂದು ಸಣ್ಣ ಮಣ್ಣಿನ ಹೆಂಟೆ ಬಿತ್ತು. ಅದು ಅವರಿಗೆಂದು ಎಸೆದದ್ದು, ಎಸೆದವನಿಗೆ ಗುರಿಯಿರಲಿಲ್ಲ. ಆ ವರ್ಷ ನಾವು ಸೋತದ್ದಕ್ಕೂ ಅದೇ ಕಾರಣವೆಂದು ನನ್ನ ಅಭಿಪ್ರಾಯ.

ಆ ವಾರವೆಲ್ಲ ಊರು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಹೋಟೆಲಿನಲ್ಲಿ ಕೂತರೆ ಪಕ್ಕದವರು ಏಳುತ್ತಿದ್ದರು. ಸಿದ್ದೇಗೌಡ ಮಾತ್ರ ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದ.

ಗೌರಿ ಹಬ್ಬದ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ನಾನು ಹೋದಾಗ ಮಾದೇವಮ್ಮನವರು ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದರು. ಪಿರಿಯಾಪಟ್ಟಣದ ಕಡೆಯ ಬಸ್ಸು ಬಂದು ಹೋದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಮೇಷ್ಟ್ರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಕೊನೆಗೆ ಬಾಗಿಲಲ್ಲಿ ಒಂದು ಎತ್ತರದ ನೆರಳು ತಲೆ ಬಗ್ಗಿಸಿತು. ಮೊರದ ಬಾಗಿನ, ಹಸಿರು ಸೀರೆ, ಬಟ್ಟೆ ಕಟ್ಟಿದ ಒಂದು ಡಬ್ಬಿ.

"ಬಸ್ಸಿಳಿದ್ರೆ ಹುಣಸೂರಿನೋರು ಸುತ್ತ ಹಾಕ್ಕಂಡ್ರು ಕಣಕ್ಕ, ಬುಡಲಿಲ್ಲ" ಎಂದ ನಂಜುಂಡ. "ಸೀರೆ ಒಂದ್ ಕಡೆ, ಬೈಗುಳ ಒಂದ್ ಕಡೆ ಹೊತ್ಕಂಡು ಬಂದೆ."

ಮಾದೇವಮ್ಮನವರು ಸೀರೆ ಮುಟ್ಟಲಿಲ್ಲ. "ಗೆದ್ದೆ ಅಂತ ಬಂದ್ಯೇನೋ? ಸೋತಿದ್ರೆ ಬರ್ತಿರ್ಲಿಲ್ವಲ್ಲ?"

"ಅಯ್ಯೋ, ಮೊರಾನ ಪಂದ್ಯಕ್ ಮುಂಚೇನೆ ಹೇಳಿ ಕಟ್ಟಿಸಿದ್ದೆ ಕಣಕ್ಕ. ಭಾವ ಬಾಯಿಗೆ ಬಂದಂಗೆ ಊದ್ತಾರೆ ಅಂತ ಹಬ್ಬ ಬುಡಕ್ಕಾಯ್ತದಾ? ಕೋಪದಲ್ಲಿ ಒಂದ್ ಮಾತಂದೆ. ಅವ್ವ ಅದನ್ನ ಊರ್ಗೆಲ್ಲ ಯೋಳ್ಬುಡ್ತು."

ಮರಿಬಸಪ್ಪನವರು ನನ್ನನ್ನು ನೋಡಿದರು. ಹದಿನೈದು ದಿನ ನಾವಿಬ್ಬರು ಪಟ್ಟ ಸಂಕಟಕ್ಕೆ ತಲೆಬುಡವೇ ಇರಲಿಲ್ಲ ಎಂದು ತಿಳಿದಾಗ ಮನುಷ್ಯನಿಗೆ ನಗು ಬರಬೇಕು. ನನಗೆ ಮಾತ್ರ, ಇಷ್ಟು ಚಿಂತೆ ಪುಕ್ಕಟೆ ಹೋಯಿತಲ್ಲ ಎಂದು ಬೇಸರವಾಯಿತು.

ನಂಜುಂಡ ಎಲೆಯ ಮುಂದೆ ಕೂತ. ಒಂದು ತುತ್ತು ಪಾಯಸ ಬಾಯಿಗೆ ಹಾಕಿ, ನುಂಗಿ, ತಲೆಯೆತ್ತದೆ ಹೇಳಿದ:

"ಭಾವ, ಅದು ಫೌಲೇ ಆಗಿತ್ತು. ಸಿದ್ದೇಗೌಡ ನಿಂತಿದ್ದ. ನಾನೇ ಬೇಕೂಂತ ಗುದ್ದಿದ್ದು."

ಮೇಷ್ಟ್ರು ಅನ್ನ ಕಲಸುತ್ತಲೇ ಇದ್ದರು.

"ಗೊತ್ತು ಕಣೋ" ಎಂದರು. "ಮೊದಲರ್ಧದಲ್ಲಿ ಸಿದ್ದೇಗೌಡ ಗುದ್ದಿದ್ದೂ ಫೌಲೇ ಆಗಿತ್ತು."

"ಅಂಗಾರೆ ಎರಡೂ ತಪ್ಪು" ಎಂದರು ಮಾದೇವಮ್ಮನವರು, ಸೌಟು ಹಿಡಿದುಕೊಂಡೇ.

"ಎರಡೂ ನಂದೇ" ಎಂದರು ಮೇಷ್ಟ್ರು. "ಈ ಸಲ ಇಬ್ಬರಿಗೂ ಒಂದೊಂದು ಬಡಿಸಿದೆ."

ಆಕೆ ಗಂಡನನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ. ನಾನಾಗ ಬ್ರಹ್ಮಚಾರಿ, ನನಗೆ ಅರ್ಥವೂ ಆಗಲಿಲ್ಲ. ಡಬ್ಬಿ ಬಿಚ್ಚಿದರು. ಅತ್ತೆಯವರು ಕಳಿಸಿದ ಕಜ್ಜಾಯ. ಅಂದು ಪಂದ್ಯವಿರಲಿಲ್ಲವಾದ್ದರಿಂದ ಮೇಷ್ಟ್ರು ನಾಲ್ಕು ತಿಂದರು.

ಮುಂದಿನ ವರ್ಷ ಮೈಸೂರಿನಿಂದ ರೆಫರಿ ಬಂದರು. ಬಿಳಿ ಷರಟು, ಬಿಳಿ ಶೂ, ಕುತ್ತಿಗೆಗೆ ಹೊಳೆಯುವ ಸೀಟಿ. ಯಾವ ಊರಿನಲ್ಲೂ ನೆಂಟರಿಲ್ಲದವರು. ಹುಣಸೂರಿನ ಜನ ಅವರನ್ನೂ ಬಾಯಿ ತುಂಬ ಬೈದರು. ಮರಿಬಸಪ್ಪನವರು ಜನರ ನಡುವೆ ಕೂತು ನೋಡಿದರು. ಬೈಯಲು ಎಲ್ಲರಿಗಿಂತ ಹೆಚ್ಚು ಅರ್ಹತೆಯಿದ್ದ ಒಬ್ಬರೇ ಒಬ್ಬರು ಸುಮ್ಮನಿದ್ದರು.

ಮೊನ್ನೆ ಬಸ್ಸಿಳಿದು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕೈಕಾಲು ತೊಳೆದು ಊಟಕ್ಕೆ ಕೂತೆ. ಅವರೆಕಾಳಿನ ಸಾರು, ಮುದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಎಂದಿನಂತೆ, "ಉಪ್ಪು ಮುಂದಾಗೈತೆ, ನೋಡೋ" ಎಂದಳು. ಎಂದಿನಂತೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಮ್ಮ ಮನೆಯಲ್ಲಿ ಇದಕ್ಕೊಂದು ಪದ್ಧತಿಯಿದೆ: ಹೆಂಡತಿಯ ಕಡೆಯವನು ಎಂಬ ಮಾತು ಬಾರದಿರಲೆಂದು ನಾನು ರುಚಿ ನೋಡುವ ಮೊದಲೇ "ಹೂಂ, ಸ್ವಲ್ಪ ಮುಂದೇ" ಎನ್ನುತ್ತೇನೆ. ಅವತ್ತು ಯಾಕೋ ಬಾಯಿಗೆ ಆ ಮಾತು ಬರಲಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನಿಧಾನವಾಗಿ ನುಂಗಿದೆ.

"ಸರಿಯಾಗೇ ಇದೆಯಮ್ಮ."

ಅಮ್ಮ ತುತ್ತಿಗೆ ಎತ್ತಿದ ಕೈಯನ್ನು ಹಾಗೇ ಹಿಡಿದು ಕೂತಳು. ಹೆಂಡತಿ ಬಾಗಿಲಿಗೆ ಬಂದು ನನ್ನ ಒದ್ದೆ ಅಂಗಿಯನ್ನೂ ಮುಖವನ್ನೂ ನೋಡಿ, "ಮೈ ಹುಷಾರಿದೆ ತಾನೇ?" ಎಂದಳು. ಅಮ್ಮ ಇನ್ನೊಮ್ಮೆ ಬೆರಳದ್ದಿ ನೆಕ್ಕಿದಳು. "ನಾನಂದಿದ್ದು ನೆನ್ನೆ ಸಾರಿಗೆ" ಎಂದಳು.

ಜನ ಕೂಗಲಿಲ್ಲ, ಹೆಂಟೆ ಬೀಳಲಿಲ್ಲ. ಹೆಂಡತಿ ಒಳಗೆ ಹೋಗಿ, ಇನ್ನರ್ಧ ಮುದ್ದೆ ತಂದು ನನ್ನ ತಟ್ಟೆಗೆ ಹಾಕಿದಳು.

"ಅಷ್ಟು ಹಾಕ್ಬೇಡ ಕಣೇ, ಅವನಿಗೆ ಅರಗಾಕಿಲ್ಲ" ಎಂದಳು ಅಮ್ಮ.

ಇಬ್ಬರೂ ನನ್ನನ್ನೇ ನೋಡಿದರು. ಬಿಸಿ ಮುದ್ದೆ, ಮೇಲೆ ತುಪ್ಪ ಬೇರೆ ಹಾಕಿದ್ದಳು. ಆದರೆ ಹೊಟ್ಟೆ ನನ್ನದು. ಈ ಸಲ ಅಮ್ಮನದೇ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದೆ. ಅರ್ಧ ಮುದ್ದೆ ತುಪ್ಪದ ಸಮೇತ ವಾಪಸ್ಸು ಹೋಯಿತು.